ಕೊಳಚೆ ನೀರಿನ ಮರುಬಳಕೆಗೆ ಸರಕಾರದ ಹಣ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಗರಸಭೆ, ಪಂಚಾಯತ್ ಸದಸ್ಯರು, ವಾರ್ಡ್ ಸಭೆಯಲ್ಲಿ ಎದ್ದು ನಿಂತು ಮಾತಾಡುವವರು, ನಿವಾಸಿಗಳ ಸಂಘದವರು, ಇವರೆಲ್ಲ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ಒಂದು ಸಾಲು ಸಾಕು.

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿಗೆ ಕೊಳಚೆ ನೀರಿನ ಮರುಬಳಕೆ ಯಾಕೆ?

ಈ ಪ್ರಶ್ನೆಯನ್ನು ತಿರುವನಂತಪುರದ ಸರಕಾರಿ ಕಚೇರಿಯಲ್ಲೂ ಕೇಳುತ್ತಾರೆ. ಉತ್ತರ ಕಾಗದದಲ್ಲಿ ತಯಾರಿರಲಿ.

ಜಿಲ್ಲೆಯಲ್ಲಿ 12 ಹೊಳೆಗಳಿವೆ. ಆದರೆ ಮಳೆಯ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗೆ ಬಿಟ್ಟುಬಿಡುತ್ತದೆ. ಗುಡ್ಡ ಕೊರೆದು ಸುರಂಗ ತೆಗೆದು ನೀರು ತಂದವರ ಊರಿದು. ನೀರು ಪುಕ್ಕಟೆ ಸಿಗುತ್ತಿದ್ದರೆ ಅಷ್ಟು ಕಷ್ಟ ಯಾರು ಪಡುತ್ತಿದ್ದರು? ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಗೆ ಉಪ್ಪು ನೀರು ನುಗ್ಗಿ, ಪೇಟೆಯ ನಲ್ಲಿಗಳಲ್ಲಿ ಉಪ್ಪು ನೀರು ಬರುತ್ತಿದ್ದುದು ಇಲ್ಲಿನ ಎಲ್ಲರಿಗೂ ಗೊತ್ತು. ಬಾವಿಕ್ಕೆರೆಯಲ್ಲಿ ಕಟ್ಟಿದ ಅಣೆಕಟ್ಟು ಕೆಲಸಕ್ಕೆ ಬಂದದ್ದು 2021ರಲ್ಲಿ. ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ 'ಕ್ರಿಟಿಕಲ್' ಪಟ್ಟಿಯಲ್ಲಿತ್ತು, ಅಂದರೆ ಅಂತರ್ಜಲದ ಬಳಕೆ ಅಪಾಯದ ಮಟ್ಟ ಮುಟ್ಟಿತ್ತು. ಇಡೀ ಕೇರಳದಲ್ಲಿ ಅಂಥ ಬ್ಲಾಕ್‌ಗಳು ಬೆರಳೆಣಿಕೆಯಷ್ಟೇ. ಅರ್ಜಿಯ ಮೊದಲ ಪುಟಕ್ಕೆ ಈ ಒಂದು ಮಾತೇ ಸಾಕು. ಮಳೆಯ ಅಂಕಿ ಹಿಡಿದು ವಾದ ಮಾಡುವವರು ಅಲ್ಲಿಗೆ ಸುಮ್ಮನಾಗುತ್ತಾರೆ.

ಇನ್ನೊಂದು ಮಾತು ಅಷ್ಟು ಹಿತವಾಗಿಲ್ಲ, ಆದರೂ ಹೇಳಲೇಬೇಕು. ಮನೆ ಮನೆಯಲ್ಲೂ ಬಾವಿ, ಅದರ ಪಕ್ಕದಲ್ಲೇ ಕಕ್ಕಸಿನ ಗುಂಡಿ. ನಡುವೆ ಇರುವುದು ತೂತು ತೂತಾದ ಮುರಕಲ್ಲು. ಕೊಳಚೆ ನೀರನ್ನು ಹಿಡಿದು ಶುದ್ಧ ಮಾಡದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಸರಕಾರದ ಲೆಕ್ಕದಲ್ಲಿ 'ಮರುಬಳಕೆ ಯೋಜನೆ' ಅಂದರೆ ಏನು?

ಮೂರು ಸಂಗತಿ ಇರಬೇಕು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಶುದ್ಧ ಆಗುತ್ತದೆ, ಯಾರು ತಗೊಳ್ಳುತ್ತಾರೆ. ನಮ್ಮ ಕಡೆಯ ಹೆಚ್ಚಿನ ಪ್ರಸ್ತಾವನೆಗಳಲ್ಲಿ ನಡುವಿನದ್ದು ಮಾತ್ರ ಇರುತ್ತದೆ. ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಚಿತ್ರ, ಟ್ಯಾಂಕಿನ ಅಳತೆ, ಪಂಪಿನ ಬೆಲೆ, ಅಷ್ಟೇ. ಆಮೇಲೆ ಶುದ್ಧವಾದ ನೀರನ್ನು ತೋಡಿಗೆ ಬಿಡುತ್ತಾರೆ. ಅದು ಸಂಸ್ಕರಣೆ ಆಯಿತು, ಮರುಬಳಕೆ ಆಗಲಿಲ್ಲ.

ನಮ್ಮ ಪೇಟೆಯಲ್ಲಿ ಒಳಚರಂಡಿಯೇ ಇಲ್ಲ. ಅರ್ಜಿ ಹಾಕಬಹುದಾ?

ಹಾಕಬಹುದು. ಆದರೆ ಲೆಕ್ಕವನ್ನು ಬೇರೆ ಥರ ಮಾಡಬೇಕು.

2011ರ ಜನಗಣತಿ ಪ್ರಕಾರ ಕಾಸರಗೋಡು ನಗರಸಭೆಯ ಜನಸಂಖ್ಯೆ ಸುಮಾರು 54 ಸಾವಿರ. ಪುಸ್ತಕದ ಲೆಕ್ಕ ಹೀಗೆ: ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರ ಶೇ. 80ರಷ್ಟು ಕೊಳಚೆಯಾಗಿ ಹೊರಗೆ. ಗುಣಿಸಿದರೆ ದಿನಕ್ಕೆ 58 ಲಕ್ಷ ಲೀಟರ್. ಕನ್ಸಲ್ಟೆಂಟ್‌ಗಳು ಈ ಅಂಕಿಯನ್ನು ಹಿಡಿದು 6 ಎಂಎಲ್‌ಡಿ (ದಿನಕ್ಕೆ 60 ಲಕ್ಷ ಲೀಟರ್) ಘಟಕ ಬರೆದು ಕೊಡುತ್ತಾರೆ. ಆದರೆ ಆ 58 ಲಕ್ಷ ಲೀಟರ್ ಯಾವ ಪೈಪಿನಲ್ಲೂ ಬರುವುದಿಲ್ಲ. ಮನೆಮನೆಯ ಗುಂಡಿಯಲ್ಲಿ ಇಂಗುತ್ತದೆ. ಘಟಕ ಕಟ್ಟಿದರೆ ಬಾಯಾರಿ ಕೂರುತ್ತದೆ.

ನಿಜವಾಗಿ ಒಂದು ಕಡೆ ಹಿಡಿಯಲು ಸಿಗುವ ನೀರು ಯಾವುದು? ಬಸ್ ನಿಲ್ದಾಣದ ಶೌಚಾಲಯ, ಮೀನು ಮಾರ್ಕೆಟ್ಟಿನ ತೊಳೆದ ನೀರು, ಆಸ್ಪತ್ರೆಗಳು, ಲಾಡ್ಜುಗಳು, ಫ್ಲ್ಯಾಟುಗಳು, ಹಾಸ್ಟೆಲುಗಳು. ಜೊತೆಗೆ ಪೇಟೆಯ ದೊಡ್ಡ ಚರಂಡಿಗಳಲ್ಲಿ ಬೇಸಿಗೆಯಲ್ಲೂ ಹರಿಯುವ ನೀರು. ಬೇಸಿಗೆಯಲ್ಲಿ ಮಳೆ ಇಲ್ಲ, ಹಾಗಾಗಿ ಮಾರ್ಚ್ ತಿಂಗಳ ಚರಂಡಿ ನೀರು ಅಂದರೆ ಪೂರ್ತಿ ಕೊಳಚೆಯೇ. ಅದನ್ನು ಅಳೆಯಿರಿ. ಚರಂಡಿ ಹೊಳೆಗೆ ಸೇರುವ ಜಾಗದಲ್ಲಿ ಬೆಳಿಗ್ಗೆ 7 ಗಂಟೆಗೆ, ಮಧ್ಯಾಹ್ನ, ರಾತ್ರಿ ಬಕೆಟು, ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದರೂ ಒಂದು ಅಂದಾಜು ಸಿಗುತ್ತದೆ. ಬೆಳಿಗ್ಗೆ ಮತ್ತು ಮಧ್ಯಾಹ್ನಕ್ಕೆ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿದರೆ ಘಟಕಕ್ಕೆ ಎಷ್ಟು ದೊಡ್ಡ ತೊಟ್ಟಿ ಬೇಕು ಅಂತಲೂ ಗೊತ್ತಾಗುತ್ತದೆ. ಆಮೇಲೆ ಎಂಜಿನಿಯರು ಸರಿಯಾಗಿ ವಿ-ನಾಚ್ (ಹರಿವು ಅಳೆಯುವ, ವಿ ಆಕಾರದ ಕಚ್ಚು ಇರುವ ತಡೆಹಲಗೆ) ಇಟ್ಟು ಅಳೆಯಲಿ.

ಗುಂಡಿಗಳಿಂದ ಟ್ಯಾಂಕರ್ ಎತ್ತುವ ಮಲದ ರಾಡಿಗೂ ಯೋಜನೆಯಲ್ಲಿ ಜಾಗ ಇರಲಿ. ಚರಂಡಿ ನೀರು ಮತ್ತು ಟ್ಯಾಂಕರಿನ ರಾಡಿ ಎರಡನ್ನೂ ಒಂದೇ ಘಟಕಕ್ಕೆ ತರುವ ಪ್ರಸ್ತಾವನೆಗೆ ನಮ್ಮಂಥ ಸಣ್ಣ ಪೇಟೆಗಳಲ್ಲಿ ಬೆಲೆ ಜಾಸ್ತಿ. ರಾತ್ರಿ ಹೊತ್ತು ತೋಡಿಗೆ ಸುರಿದು ಓಡುವ ಟ್ಯಾಂಕರುಗಳಿಗೂ ಅದೇ ಮದ್ದು.

ಹಣ ಯಾವ ಯಾವ ಕಡೆಯಿಂದ ಬರುತ್ತದೆ?

ಮೊದಲು ಸ್ವಚ್ಛ ಭಾರತ ಮಿಷನ್ ನಗರ 2.0. ಇದು ಶುರುವಾದದ್ದು 1 ಅಕ್ಟೋಬರ್ 2021ಕ್ಕೆ. ಮೊದಲ ಹಂತದಲ್ಲಿ ಕಕ್ಕಸು ಕಟ್ಟಿಸಿದ್ದು, ಎರಡನೇ ಹಂತದಲ್ಲಿ ಕೊಳಚೆ ನೀರಿನ ನಿರ್ವಹಣೆ ಸೇರಿಕೊಂಡಿತು. ಆ ಭಾಗ ಇರುವುದೇ 1 ಲಕ್ಷಕ್ಕಿಂತ ಕಡಿಮೆ ಜನರಿರುವ ಪೇಟೆಗಳಿಗೆ. ಕಾಸರಗೋಡು, ಕಾಞಂಗಾಡು, ನೀಲೇಶ್ವರ ಮೂರೂ ಅದರೊಳಗೆ ಬರುತ್ತವೆ. ಸಂಸ್ಕರಣಾ ಘಟಕ, ಚರಂಡಿಯನ್ನು ತಡೆದು ತಿರುಗಿಸುವ ಕಟ್ಟೆ, ಪಂಪ್, ಪೈಪು, ಗುಂಡಿ ಖಾಲಿ ಮಾಡುವ ವಾಹನ, ಇವಕ್ಕೆ ಇದರಲ್ಲಿ ಹಣ ಕೇಳಬಹುದು. ಈ ಗಾತ್ರದ ಪೇಟೆಗೆ ಕೇಂದ್ರದ ಪಾಲು ಅರ್ಧ. ಕೇರಳದಲ್ಲಿ ಇದನ್ನು ನೋಡಿಕೊಳ್ಳುವುದು ರಾಜ್ಯ ಸರಕಾರದ ಶುಚಿತ್ವ ಮಿಷನ್. ನನ್ನನ್ನು ಕೇಳಿದರೆ ನಮ್ಮ ಪೇಟೆಗಳು ಮೊದಲು ತಟ್ಟಬೇಕಾದ ಬಾಗಿಲು ಇದೇ.

ಎರಡನೆಯದು ಅಮೃತ್ 2.0, ನಗರಗಳ ನೀರು ಮತ್ತು ಒಳಚರಂಡಿಗೆ ಕೇಂದ್ರದ ಮಿಷನ್. ಅದೇ ದಿನ ಶುರುವಾಯಿತು. ಒಟ್ಟು ಗಾತ್ರ 2.99 ಲಕ್ಷ ಕೋಟಿ ರೂಪಾಯಿ, ಕೇಂದ್ರದ ಪಾಲು 76,760 ಕೋಟಿ. ಹೆಸರು ದೊಡ್ಡದು, ಆದ್ದರಿಂದ ಎಲ್ಲರೂ ಇದನ್ನೇ ಕೇಳುತ್ತಾರೆ. ಇಲ್ಲೊಂದು ತೊಡಕಿದೆ. ಕುಡಿನೀರು ಮತ್ತು ಕೆರೆಗಳ ಕೆಲಸಕ್ಕೆ ಎಲ್ಲ ಪೇಟೆಗಳೂ ಅರ್ಹ. ಒಳಚರಂಡಿ ಕೆಲಸಕ್ಕೆ ಮಾತ್ರ ಮೊದಲ ಅಮೃತ್‌ನಲ್ಲಿದ್ದ 500 ನಗರಗಳು. ಕೇರಳದಿಂದ ಆ ಪಟ್ಟಿಯಲ್ಲಿದ್ದದ್ದು 9 ನಗರ, ಉತ್ತರದ ಕೊನೆಯದು ಕಣ್ಣೂರು. ಕಾಸರಗೋಡು ಇಲ್ಲ. ಇದು ಗೊತ್ತಿಲ್ಲದೆ ಅಮೃತ್‌ಗೆ ಒಳಚರಂಡಿ ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆಸಿದರೆ ಕನ್ಸಲ್ಟೆಂಟಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ. ಆದರೂ ಅಮೃತ್‌ನ ಒಂದು ಗುರಿಯನ್ನು ನಿಮ್ಮ ಪ್ರಸ್ತಾವನೆಯಲ್ಲಿ ಎತ್ತಿ ಹೇಳಬಹುದು: ರಾಜ್ಯದ ನಗರಗಳ ಒಟ್ಟು ನೀರಿನ ಬೇಡಿಕೆಯಲ್ಲಿ ಶೇ. 20, ಕೈಗಾರಿಕೆಯ ಬೇಡಿಕೆಯಲ್ಲಿ ಶೇ. 40 ಮರುಬಳಕೆ ನೀರಿನಿಂದ ಬರಬೇಕು ಅಂತ ಅದರಲ್ಲಿದೆ.

ಮೂರನೆಯದು ಹಣಕಾಸು ಆಯೋಗದ ಅನುದಾನ. ಇದನ್ನು ಜನ ಮರೆಯುತ್ತಾರೆ, ಯಾಕೆಂದರೆ ಇದಕ್ಕೆ ಉದ್ಘಾಟನೆ, ಫಲಕ ಇಲ್ಲ. 15ನೇ ಆಯೋಗ ನಮ್ಮಂಥ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟ ಹಣದಲ್ಲಿ ಶೇ. 60 ಇಂಥದ್ದಕ್ಕೇ ಖರ್ಚಾಗಬೇಕು ಅಂತ ಕಟ್ಟಿಟ್ಟದ್ದು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ. ಇನ್ನರ್ಧ ಕುಡಿನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಮರುಬಳಕೆ ಅನ್ನುವ ಮಾತು ಆದೇಶದಲ್ಲೇ ಇದೆ. ಆದರೂ ಆ ಹಣ ಹೆಚ್ಚಾಗಿ ಪೈಪು ಬದಲಾಯಿಸುವುದಕ್ಕೇ ಹೋಗುತ್ತದೆ. ಲೆಕ್ಕಪರಿಶೋಧನೆಯಾದ ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಇಲ್ಲದಿದ್ದರೆ ಈ ಹಣ ಬರುವುದಿಲ್ಲ ಅನ್ನುವುದನ್ನೂ ನೆನಪಿಡಿ.

ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ನಮ್ಮ ಜಿಲ್ಲೆಗೆ ಮಾತ್ರ ಇರುವ ದಾರಿ. ಜಿಲ್ಲೆಯ ಅಭಿವೃದ್ಧಿಗೆ ಏನು ಬೇಕು ಅಂತ ನೋಡಿದ ಪ್ರಭಾಕರನ್ ಆಯೋಗದ ವರದಿಯ ಮೇಲೆ ಬಂದದ್ದು. ಇದರ ಕೆಲಸ ವಿದ್ಯಾನಗರದ ಕಲೆಕ್ಟರೇಟಿನ ಮೂಲಕ ನಡೆಯುತ್ತದೆ. ಪೂರ್ತಿ ಯೋಜನೆಗೆ ಅಲ್ಲದಿದ್ದರೂ, ಕೇಂದ್ರದ ಯೋಜನೆಯಲ್ಲಿ ಹಣ ಸಿಗದ ತುಂಡುಗಳಿಗೆ ಇಲ್ಲಿ ಕೇಳಿ ನೋಡಿ.

ಇನ್ನು ನಗರ ಮೂಲಸೌಕರ್ಯ ಅಭಿವೃದ್ಧಿ ನಿಧಿ. 2023-24ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ್ದು, ವರ್ಷಕ್ಕೆ 10,000 ಕೋಟಿ, ನೋಡಿಕೊಳ್ಳುವುದು ರಾಷ್ಟ್ರೀಯ ವಸತಿ ಬ್ಯಾಂಕ್. 50 ಸಾವಿರಕ್ಕಿಂತ ಹೆಚ್ಚು ಜನರ ಪೇಟೆಗಳಿಗೆ. ಹಾಗಾಗಿ ಕಾಸರಗೋಡು ಸ್ವಲ್ಪದರಲ್ಲಿ ಒಳಗೆ, ನೀಲೇಶ್ವರ ಹೊರಗೆ. ಆದರೆ ಇದು ಸಾಲ, ರಾಜ್ಯ ಸರಕಾರ ತೀರಿಸಬೇಕು. ಕೊನೆಯದಾಗಿ ನಗರಸಭೆಯ ಸ್ವಂತ ಯೋಜನಾ ನಿಧಿ. ನಗರಸಭೆಯ ಪಾಲು ತುಂಬುವುದು ಇದರಿಂದಲೇ.

ಈ ಮಿಷನ್‌ಗಳ ಅವಧಿ ಮುಗಿಯುತ್ತದೆ ಅಲ್ವಾ? ಆಮೇಲೆ ಅರ್ಜಿ ಹಾಕಿ ಏನು ಪ್ರಯೋಜನ?

ಸ್ವಚ್ಛ ಭಾರತ, ಅಮೃತ್ ಎರಡೂ ಮಿಷನ್‌ಗಳ ಮೂಲ ಅವಧಿ 2025-26ರವರೆಗೆ. 16ನೇ ಹಣಕಾಸು ಆಯೋಗದ ಅವಧಿ 1 ಏಪ್ರಿಲ್ 2026ರಿಂದ. ಹಾಗಾಗಿ ಯಾವುದಕ್ಕೇ ಆಗಲಿ, ಮೊದಲು ಜಾರಿಯಲ್ಲಿರುವ ಆದೇಶದ ಪ್ರತಿ ಕೇಳಿ ತಗೊಳ್ಳಿ. ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಡಿಪಿಆರ್‌ಗೆ ದುಡ್ಡು ಹಾಕಬೇಡಿ.

ಆದರೆ ಕಾಗದಪತ್ರ ಸಿದ್ಧ ಮಾಡುವುದನ್ನು ನಿಲ್ಲಿಸಬೇಡಿ. ಯೋಜನೆಯ ಹೆಸರು ಬದಲಾಗುತ್ತದೆ, ಕೇಳುವ ಪ್ರಶ್ನೆ ಬದಲಾಗುವುದಿಲ್ಲ. ನೀರು ಎಷ್ಟಿದೆ, ಜಾಗ ಯಾರದ್ದು, ಯಾರು ಕೊಳ್ಳುತ್ತಾರೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಎಲ್ಲೋ ಖರ್ಚಾಗದೆ ಉಳಿದ ಹಣಕ್ಕೆ ದಿಢೀರನೆ ಪ್ರಸ್ತಾವನೆ ಕೇಳುತ್ತಾರೆ. ಆಗ ಫೈಲು ಸಿದ್ಧ ಇದ್ದವರಿಗೆ ಸಿಗುತ್ತದೆ.

ನೀರು ಕೊಳ್ಳುವವರನ್ನು ಮೊದಲೇ ಯಾಕೆ ಹುಡುಕಬೇಕು? ಘಟಕ ಆದ ಮೇಲೆ ಬರುತ್ತಾರಲ್ಲ?

ಬರುವುದಿಲ್ಲ. ನಾನು ಇಡೀ ಉತ್ತರಮಾಲೆಯಲ್ಲಿ ಒಂದೇ ಮಾತು ಹೇಳಬೇಕಾಗಿದ್ದರೆ ಇದನ್ನೇ ಹೇಳುತ್ತಿದ್ದೆ: ನೀರು ತಗೊಳ್ಳುವವರು ಸಿಗುವ ತನಕ ಘಟಕದ ಗಾತ್ರ ನಿರ್ಧರಿಸಬೇಡಿ.

ದೇಶದಲ್ಲಿ ಚೆನ್ನಾಗಿ ನಡೆಯುವ ಮರುಬಳಕೆ ಯೋಜನೆಗಳನ್ನು ನೋಡಿ. ಸೂರತ್‌ನಲ್ಲಿ ಪಾಂಡೇಸರಾ ಕೈಗಾರಿಕಾ ಪ್ರದೇಶದ ಬಟ್ಟೆ ಗಿರಣಿಗಳಿಗೆ ನೀರು ಬೇಕಿತ್ತು. ನಾಗಪುರದಲ್ಲಿ ಕೊರಾಡಿಯ ವಿದ್ಯುತ್ ಸ್ಥಾವರಕ್ಕೆ ಬೇಕಿತ್ತು. ಘಾಜಿಯಾಬಾದ್ ನಗರಪಾಲಿಕೆ 2021ರಲ್ಲಿ 150 ಕೋಟಿಯ ಹಸಿರು ಬಾಂಡ್ (ಪರಿಸರದ ಕೆಲಸಕ್ಕೆ ಎತ್ತುವ ಸಾಲಪತ್ರ) ಬಿಟ್ಟು ಹಣ ಎತ್ತಿದ್ದು ಸಾಹಿಬಾಬಾದ್‌ನ ಕಾರ್ಖಾನೆಗಳಿಗೆ ನೀರು ಕೊಡಲು. ಅಷ್ಟು ದೂರ ಯಾಕೆ, ಮಂಗಳೂರಿನ ಸಂಸ್ಕರಿಸಿದ ನೀರು ಅಲ್ಲಿನ ವಿಶೇಷ ಆರ್ಥಿಕ ವಲಯಕ್ಕೆ ಹೋಗುತ್ತದೆ. ಎಲ್ಲ ಕಡೆಯೂ ಬಾಯಾರಿದವರು ಮೊದಲು, ಪೈಪು ಆಮೇಲೆ.

ನಮ್ಮಲ್ಲಿ ಅಂಥ ದೊಡ್ಡ ಗಿರಾಕಿ ಇಲ್ಲ. ಚಿಕ್ಕ ಚಿಕ್ಕವರನ್ನು ಒಟ್ಟು ಮಾಡಬೇಕು. ವಿದ್ಯಾನಗರದ ಕೈಗಾರಿಕಾ ಎಸ್ಟೇಟ್ ಪೇಟೆಗೆ ಹತ್ತಿರ. ಸೀತಾಂಗೋಳಿಯ ಕಿನ್‌ಫ್ರಾ ಪಾರ್ಕ್, ಅನಂತಪುರದ ಕೈಗಾರಿಕಾ ಪಾರ್ಕ್ ಗುಡ್ಡದ ಮೇಲಿವೆ. ಅಲ್ಲಿಗೆ ಪೇಟೆಯಿಂದ ನೀರು ಎತ್ತುವುದು ದುಬಾರಿ, ಅಲ್ಲೇ ಹತ್ತಿರ ಒಂದು ಚಿಕ್ಕ ಘಟಕ ಮಾಡುವುದು ಒಳ್ಳೆಯದು. ಇವರ ಜೊತೆ ಕಾಂಕ್ರೀಟ್ ಮಿಕ್ಸಿಂಗ್ ಘಟಕಗಳು, ರಸ್ತೆ ಗುತ್ತಿಗೆದಾರರು, ಬಸ್ ತೊಳೆಯುವವರು, ಅಗ್ನಿಶಾಮಕ ದಳ, ಆಸ್ಪತ್ರೆಯ ಕಕ್ಕಸಿನ ಫ್ಲಶ್, ಆಟದ ಮೈದಾನ.

ಬರೀ ಬಾಯಿಮಾತು ಬೇಡ, ಕಾಗದ ಬರೆಸಿಕೊಳ್ಳಿ. ಅದು ಹೀಗಿದ್ದರೆ ಸಾಕು:

"ನಮ್ಮ ಘಟಕಕ್ಕೆ ದಿನಕ್ಕೆ 40,000 ಲೀಟರ್ ನೀರು ಬೇಕು. ಈಗ ಕೊಳವೆಬಾವಿ ಮತ್ತು ಟ್ಯಾಂಕರಿನಿಂದ ತಗೊಳ್ಳುತ್ತಿದ್ದೇವೆ. ನಗರಸಭೆ ಜೊತೆಗಿರುವ ಪಟ್ಟಿಯಲ್ಲಿ ಹೇಳಿದ ಗುಣಮಟ್ಟದ ನೀರನ್ನು ನಮ್ಮ ಗೇಟಿಗೆ ತಲುಪಿಸಿದರೆ, ಒಪ್ಪಿದ ದರದಲ್ಲಿ 5 ವರ್ಷ ಕೊಳ್ಳುತ್ತೇವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ದಿನಕ್ಕೆ 15,000 ಲೀಟರ್ ಸಾಕು."

ಕೊನೆಯ ಸಾಲು ನೋಡಿ. ಮಳೆಗಾಲದಲ್ಲಿ ಎಷ್ಟು ಅಂತ ಬರೆದ ಕಾಗದವನ್ನು ಮಾತ್ರ ನಂಬಬಹುದು. ನಮ್ಮಲ್ಲಿ ಐದು ತಿಂಗಳು ಮರುಬಳಕೆ ನೀರನ್ನು ಪುಕ್ಕಟೆ ಕೊಟ್ಟರೂ ತೋಟದವರು ಬೇಡ ಅನ್ನುತ್ತಾರೆ. ವರ್ಷದ 12 ತಿಂಗಳೂ ಒಂದೇ ಬೇಡಿಕೆ ತೋರಿಸಿದ ಡಿಪಿಆರ್ ನಮ್ಮೂರಿಗೆ ಬಂದು ನೋಡಿ ಬರೆದದ್ದಲ್ಲ.

ಅಡಿಕೆ, ತೆಂಗಿನ ತೋಟಕ್ಕೆ ಈ ನೀರು ಬಿಡಬಹುದಾ?

ಸರಿಯಾಗಿ ಸಂಸ್ಕರಿಸಿ, ರೋಗಾಣು ಕೊಂದ ನೀರನ್ನು ಬಿಡಬಹುದು. ಬುಡಕ್ಕೆ ಹನಿ ನೀರಾವರಿಯಲ್ಲಿ ಕೊಡುವುದು ಒಳ್ಳೆಯದು, ಮೇಲಿಂದ ಚಿಮ್ಮಿಸುವುದು ಬೇಡ. ತೋಟದಲ್ಲಿ ಕೆಲಸ ಮಾಡುವವರ ಮೈಮೇಲೆ ಬೀಳುತ್ತದೆ. ಹಸಿಯಾಗಿ ತಿನ್ನುವ ತರಕಾರಿ, ಸೊಪ್ಪಿಗೆ ದೂರ ಇಡಿ. ತೋಟದ ಮಧ್ಯೆ ವೀಳ್ಯದೆಲೆ ಬಳ್ಳಿ ಇದ್ದರೆ ಅದೂ ಹಸಿಯಾಗಿ ತಿನ್ನುವುದೇ ತಾನೇ. ಕಾಸರಗೋಡಿನ ಕೂಡ್ಲಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳ ಒಂದು ಅಭಿಪ್ರಾಯ ಪತ್ರ ಅರ್ಜಿಯ ಜೊತೆ ಇದ್ದರೆ ಬಹಳ ತೂಕ.

ರೈತರು ಹಿಂದೇಟು ಹಾಕಿದರೆ ಸಿಟ್ಟು ಮಾಡಬೇಡಿ. ಎಂಡೋಸಲ್ಫಾನ್ ಸಿಂಪಡಿಸುವಾಗಲೂ "ಏನೂ ಆಗುವುದಿಲ್ಲ" ಅಂತಲೇ ಇದೇ ಜಿಲ್ಲೆಯ ಜನರಿಗೆ ಹೇಳಿದ್ದು. ಪ್ರತಿ ತಿಂಗಳ ಪರೀಕ್ಷಾ ವರದಿಯನ್ನು ಪಂಚಾಯತ್ ಬೋರ್ಡಿಗೆ ಅಂಟಿಸುವ ಖರ್ಚನ್ನೂ ಯೋಜನೆಯಲ್ಲೇ ಬರೆಯಿರಿ.

ಕುಡಿಯಲು?

ಬೇಡ. ಅರ್ಜಿಯಲ್ಲಿ ಆ ಮಾತು ಎತ್ತಲೂ ಬೇಡ.

ನೀರು ಎಷ್ಟು ಶುದ್ಧ ಆಗಿರಬೇಕು?

2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆ ಪ್ರಕಾರ ಮಹಾನಗರಗಳಲ್ಲದ ಕಡೆ ಬಿಒಡಿ (ನೀರಿನಲ್ಲಿ ಎಷ್ಟು ಸಾವಯವ ಕೊಳೆ ಉಳಿದಿದೆ ಅನ್ನುವ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೂ ಬಿಗಿ ಮಾಡಿ 10 ಅಂತ ಹೇಳಿತು. ಯಾವುದನ್ನು ಹಿಡಿಯಬೇಕು ಅಂತ ತಲೆ ಕೆಡಿಸಿಕೊಳ್ಳುವ ಬದಲು 10ಕ್ಕೇ ವಿನ್ಯಾಸ ಮಾಡಿ. ಮರುಬಳಕೆಗೆ ಹೇಗೂ ಅಷ್ಟು ಬೇಕಾಗುತ್ತದೆ. ಆಮೇಲೆ ಕೊಳ್ಳುವವರಿಗೆ ಎಷ್ಟು ಬೇಕು ಅಂತ ಕೇಳಿ. ರಸ್ತೆಗೆ ಚಿಮುಕಿಸಲು ಬೇಕಾದ ನೀರೇ ಬೇರೆ, ಬಾಯ್ಲರಿಗೆ ಬೇಕಾದದ್ದೇ ಬೇರೆ. ಎಲ್ಲರಿಗೂ ಬಾಯ್ಲರಿನ ನೀರು ಕೊಡಲು ಹೊರಟರೆ ಖರ್ಚು ಆಕಾಶಕ್ಕೆ.

ಅರ್ಜಿ ಯಾವ ದಾರಿಯಲ್ಲಿ ಹೋಗುತ್ತದೆ?

ವಾರ್ಡ್ ಸಭೆಯಲ್ಲಿ ವಿಷಯ ಬರಬೇಕು. ನಂತರ ಕಾರ್ಯಕಾರಿ ಗುಂಪು, ಅಭಿವೃದ್ಧಿ ಸೆಮಿನಾರ್, ಕೌನ್ಸಿಲ್ ನಿರ್ಣಯ. ವಾರ್ಷಿಕ ಯೋಜನೆಯಲ್ಲಿ ಸೇರಿಸಿ ಸ್ಥಳೀಯ ಸಂಸ್ಥೆಗಳ ಯೋಜನೆ ದಾಖಲಿಸುವ ಸುಲೇಖ ತಂತ್ರಾಂಶಕ್ಕೆ ಏರಿಸಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಪಡೆಯಬೇಕು. ಇದು ಕೇರಳದ ದಾರಿ.

ಕೇಂದ್ರದ ಹಣಕ್ಕೆ ಇದರ ಮೇಲೊಂದು ದಾರಿ. ಸ್ವಚ್ಛ ಭಾರತಕ್ಕೆ ನಗರದ ನೈರ್ಮಲ್ಯ ಕ್ರಿಯಾ ಯೋಜನೆ ಬೇಕು. ಅಮೃತ್‌ಗೆ ನಗರದ ಜಲ ಸಮತೋಲನ ಯೋಜನೆ ಮತ್ತು ಜಲ ಕ್ರಿಯಾ ಯೋಜನೆ. ಅವೆಲ್ಲ ರಾಜ್ಯದ ಯೋಜನೆಯೊಳಗೆ ಸೇರಿ, ರಾಜ್ಯದ ತಾಂತ್ರಿಕ ಸಮಿತಿ, ಉನ್ನತಾಧಿಕಾರ ಸಮಿತಿ ದಾಟಿ ದೆಹಲಿಗೆ. ನಗರಸಭೆ ನೇರವಾಗಿ ದೆಹಲಿಗೆ ಬರೆದರೆ ಆ ಕಾಗದ ತಿರುಗಿ ತಿರುವನಂತಪುರಕ್ಕೇ ಬರುತ್ತದೆ. ಸಂಸದರ ಶಿಫಾರಸು ಪತ್ರ ಒಳ್ಳೆಯದೇ, ಆದರೆ ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದರಿಂದ ಏನೂ ಆಗದು. ಹಣವೂ ಒಂದೇ ಸಲ ಬರುವುದಿಲ್ಲ. ಅಮೃತ್‌ನಲ್ಲಿ ಶೇ. 20, 40, 40ರಂತೆ ಮೂರು ಕಂತು. ಮೊದಲ ಕಂತಿಗೆ ಖರ್ಚಿನ ಲೆಕ್ಕ ಕೊಡದೆ ಎರಡನೆಯದು ಇಲ್ಲ.

ಜೊತೆಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಾಪನಾ ಅನುಮತಿ ಬೇಕು, ಮುಗಿದ ಮೇಲೆ ನಡೆಸುವ ಅನುಮತಿ. ಜಾಗ ಕಡಲು ಅಥವಾ ಉಪ್ಪು ನೀರಿನ ಹೊಳೆಯ ಬದಿಯಲ್ಲಿದ್ದರೆ ಕರಾವಳಿ ನಿಯಂತ್ರಣ ವಲಯದ ಒಪ್ಪಿಗೆ. ತಗ್ಗಿನಲ್ಲಿ ಜಾಗ ಹುಡುಕುತ್ತಾ ಹೋದವರು ಕೊನೆಗೆ ಹೊಳೆಬದಿಗೇ ಬಂದು ನಿಲ್ಲುತ್ತಾರೆ, ಹಾಗಾಗಿ ಇದನ್ನು ಮೊದಲ ದಿನವೇ ಕೇಳಿಬಿಡಿ.

ಡಿಪಿಆರ್ ಎಲ್ಲಿ ಎಡವುತ್ತದೆ?

ಸಾಮಾನ್ಯವಾಗಿ ಬೇರೆ ಊರಿನ ಡಿಪಿಆರ್ ಅನ್ನೇ ಹೆಸರು ಬದಲಿಸಿ ಕೊಡುವಾಗ. ಮಣ್ಣಿನ ಪರೀಕ್ಷೆಯಲ್ಲಿ 'ಜೇಡಿಮಣ್ಣು' ಅಂತ ಇರುತ್ತದೆ, ಅಗೆದರೆ ಮುರಕಲ್ಲು. ಪೈಪು ಹೂಳುವ ಖರ್ಚು ಅಲ್ಲೇ ಏರಿತು. ಜೂನ್‌ನಲ್ಲಿ ಚರಂಡಿಗೆ ಬರುವ ಮಳೆನೀರು ಘಟಕದೊಳಗೆ ನುಗ್ಗಿ ಬ್ಯಾಕ್ಟೀರಿಯಾವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅದನ್ನು ತಪ್ಪಿಸುವ ಬೈಪಾಸ್ ಗೇಟ್ ನಕ್ಷೆಯಲ್ಲಿ ಇದೆಯಾ ಅಂತ ನೋಡಿ. ಕರೆಂಟು ಹೋದರೆ ಏನು? ಗಾಳಿ ಊದುವ ಬ್ಲೋವರ್ ತುಂಬಾ ಹೊತ್ತು ನಿಂತರೆ ಗಾಳಿ ಬೇಕಾದ ಜೀವಾಣು ಸಾಯುತ್ತದೆ, ಘಟಕ ನಾರುತ್ತದೆ. ನಮ್ಮಲ್ಲಿ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ಲ. ಜನರೇಟರಿನ ಸಾಲು ಖರ್ಚಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ.

ಕೌನ್ಸಿಲ್ ಸದಸ್ಯರು ಡಿಪಿಆರ್‌ನ 200 ಪುಟ ಓದಬೇಕಿಲ್ಲ. ನೀರಿನ ಅಳತೆಯ ಪುಟ, ಕೊಳ್ಳುವವರ ಪುಟ, ವರ್ಷದ ಖರ್ಚಿನ ಪುಟ, ಇಷ್ಟು ತೆರೆಸಿ ಓದಿಸಿದರೆ ಸಾಕು.

ನೀರು ಮಾರಿದ ದುಡ್ಡಿನಲ್ಲಿ ಘಟಕ ನಡೆಯುತ್ತದಾ?

ನಮ್ಮ ಗಾತ್ರದಲ್ಲಿ ಇಲ್ಲ. ಒಂದು ಉದಾಹರಣೆಗೆ ಲೆಕ್ಕ ಹಾಕೋಣ. ದಿನಕ್ಕೆ 2 ಲಕ್ಷ ಲೀಟರ್, ಸಾವಿರ ಲೀಟರಿಗೆ 20 ರೂಪಾಯಿ, ವರ್ಷಕ್ಕೆ 150 ದಿನ ಮಾರಾಟ. ಬರುವುದು 6 ಲಕ್ಷ ರೂಪಾಯಿ. ಮೂವರು ಆಪರೇಟರುಗಳಿಗೆ ತಿಂಗಳಿಗೆ 20 ಸಾವಿರದಂತೆ ಸಂಬಳ ಅಂದರೂ 7 ಲಕ್ಷ 20 ಸಾವಿರ. ಕರೆಂಟು ಬಿಲ್ಲು, ಕ್ಲೋರಿನ್, ರಾಡಿ ಸಾಗಿಸುವ ಖರ್ಚು ಇನ್ನೂ ಬಂದೇ ಇಲ್ಲ.

ಹಾಗಂತ ಬಿಡಬೇಕು ಅಂತಲ್ಲ. ಚರಂಡಿ ಶುದ್ಧ ಮಾಡುವುದು ನಗರಸಭೆಯ ಕೆಲಸವೇ, ಅದರ ಖರ್ಚನ್ನು ನೀರಿನ ಮಾರಾಟದ ಮೇಲೆ ಪೂರ್ತಿ ಹೊರಿಸುವುದು ಸರಿಯಲ್ಲ. ಉಳಿದದ್ದು ನಿರ್ವಹಣಾ ನಿಧಿ, ಗುಂಡಿ ಖಾಲಿ ಮಾಡುವ ಶುಲ್ಕ, ಸ್ವಂತ ನಿಧಿಯಿಂದ ಬರಬೇಕು. ಕೇಂದ್ರದ ಯೋಜನೆಗಳು ಕಟ್ಟಲು ಹಣ ಕೊಡುತ್ತವೆ. ದಿನವಹಿ ನಡೆಸುವ ಖರ್ಚು ನಮ್ಮದೇ. "ನೀರು ಮಾರಿ ಲಾಭ" ಅಂತ ಬರೆದ ಪ್ರಸ್ತಾವನೆಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಮೂರನೇ ವರ್ಷ ಗೇಟಿಗೆ ಬೀಗ ಬೀಳುತ್ತದೆ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿ ಪ್ರಕಾರ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತದೆ. ಕಟ್ಟಿದ ಘಟಕಗಳ ಸಾಮರ್ಥ್ಯ 31,841. ನಿಜವಾಗಿ ಸಂಸ್ಕರಣೆ ಆಗುವುದು 20,236 ಮಾತ್ರ.

ಜಾಗ ಕೊಳ್ಳಲು ಹಣ ಸಿಗುತ್ತದಾ?

ಕೇಂದ್ರದ ಸ್ವಚ್ಛ ಭಾರತ, ಅಮೃತ್ ಮಿಷನ್‌ಗಳಲ್ಲಿ ಇಲ್ಲ. ಜಾಗ ನಗರಸಭೆಯದ್ದೇ ಆಗಿರಬೇಕು, ಇಲ್ಲವೇ ಸರಕಾರಿ ಜಾಗ ಬಿಡಿಸಿಕೊಳ್ಳಬೇಕು. ಪಹಣಿ, ಸರ್ವೆ ನಕ್ಷೆ ಇಲ್ಲದ ಪ್ರಸ್ತಾವನೆಯನ್ನು ಯಾರೂ ತೆರೆದು ನೋಡುವುದಿಲ್ಲ.

ಪಕ್ಕದ ಮನೆಯವರು ವಿರೋಧ ಮಾಡಿದರೆ?

ಮಾಡೇ ಮಾಡುತ್ತಾರೆ. 2022ರಲ್ಲಿ ಕೋಝಿಕ್ಕೋಡಿನ ಆವಿಕ್ಕಲ್ ತೋಡಿನಲ್ಲಿ ಅಮೃತ್ ಹಣದ ಎಸ್‌ಟಿಪಿಗೆ ಜನ ಬೀದಿಗಿಳಿದದ್ದು ಎಲ್ಲರೂ ನೋಡಿದ್ದಾರೆ. ಹಣ ಕೈಯಲ್ಲಿತ್ತು, ಜನ ಜೊತೆಯಲ್ಲಿರಲಿಲ್ಲ. ಪೊಲೀಸರನ್ನು ಕರೆಸಿ ಸರ್ವೆ ಮಾಡಿಸಿದ ಮೇಲೆ ಜನರನ್ನು ಒಪ್ಪಿಸುವುದು ಕಷ್ಟ.

ನನ್ನ ಅನಿಸಿಕೆ ಇಷ್ಟು. ಮೊದಲು ಚಿಕ್ಕದು ಕಟ್ಟಿ. ಬಸ್ ನಿಲ್ದಾಣದ ಹಿಂದೆ, ಆಸ್ಪತ್ರೆಯ ಅಂಗಳದಲ್ಲಿ, ಜನ ದಿನಾ ಓಡಾಡುವ ಕಡೆ. ಮೂಗಿಗೆ ವಾಸನೆ ಬರುವುದಿಲ್ಲ ಅಂತ ಸ್ವತಃ ನೋಡಿದ ಮೇಲೆ ದೊಡ್ಡದರ ಮಾತು. ವಿರೋಧ ಮಾಡುವವರಲ್ಲಿ ನಾಲ್ಕು ಜನರನ್ನು ಮಂಗಳೂರಿನ ಘಟಕ ತೋರಿಸಲು ಕರೆದುಕೊಂಡು ಹೋಗಿ. ಅಧಿಕಾರಿಗಳು ಮಾತ್ರ ಹೋಗಿ ಬಂದು ಫೋಟೋ ಹಾಕಿದರೆ ಸಿಟ್ಟು ಇನ್ನೂ ಜಾಸ್ತಿಯಾಗುತ್ತದೆ.

ನಾವು ಪಂಚಾಯತ್‌ನವರು, ಮಂಜೇಶ್ವರ, ಕುಂಬಳೆ ಕಡೆ. ನಮಗೆ ಏನಿದೆ?

ಸ್ವಚ್ಛ ಭಾರತ ಮಿಷನ್ ಗ್ರಾಮೀಣದ ಎರಡನೇ ಹಂತ ಇದೆ. ಬಚ್ಚಲು, ಅಡುಗೆಮನೆಯ ನೀರಿನ ನಿರ್ವಹಣೆಗೆ 5,000 ಜನರವರೆಗಿನ ಹಳ್ಳಿಗೆ ತಲೆಗೆ 280 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ ತಲೆಗೆ 660 ರೂಪಾಯಿವರೆಗೆ ಅಂತ ಅದರ ಮಾರ್ಗಸೂಚಿಯಲ್ಲಿದೆ. ಇದರ ಶೇ. 30ರಷ್ಟನ್ನು ಹಣಕಾಸು ಆಯೋಗದ ಹಣದಿಂದ ಹಾಕಬೇಕು. ಕುಂಬಳೆ, ಉಪ್ಪಳದಂಥ ಕಡೆ ಹೆಸರಿಗೆ ಪಂಚಾಯತ್, ನೋಡಿದರೆ ಪೇಟೆ. ಅಲ್ಲಿ ಮಾರ್ಕೆಟ್ ಮತ್ತು ಫ್ಲ್ಯಾಟುಗಳ ನೀರನ್ನು ಮಾತ್ರ ಹಿಡಿಯುವ ಚಿಕ್ಕ ಘಟಕ ಸಾಕು. ಎಣ್ಮಕಜೆ, ಪೈವಳಿಕೆ, ವರ್ಕಾಡಿಯ ಒಂಟಿ ಮನೆಗಳಿಗೆ ಘಟಕ ಯಾಕೆ? ಬಚ್ಚಲಿನ ನೀರು ಬಾಳೆ ಬುಡಕ್ಕೆ ಹೋಗುತ್ತಲೇ ಇದೆ.

ನಮ್ಮ ಹೋಟೆಲಿನಲ್ಲಿ ಸ್ವಂತ ಎಸ್‌ಟಿಪಿ ಮಾಡಲು ಸಬ್ಸಿಡಿ ಇದೆಯಾ?

ಈ ಯೋಜನೆಗಳೆಲ್ಲ ಸ್ಥಳೀಯ ಸಂಸ್ಥೆಗಳಿಗೆ. ಖಾಸಗಿ ಕಟ್ಟಡಕ್ಕೆ ಇದರಲ್ಲಿ ಇಲ್ಲ. ನಿಮ್ಮಲ್ಲಿ ಶುದ್ಧ ನೀರು ಮಿಕ್ಕಿದರೆ ನಗರಸಭೆಯ ಪಟ್ಟಿಯಲ್ಲಿ ಕೊಡುವವರಾಗಿ ಹೆಸರು ಸೇರಿಸಿ.

ನಾವು ಮಹಾರಾಷ್ಟ್ರದ ಸೊಲ್ಲಾಪುರ ಕಡೆಯ ಕನ್ನಡಿಗರು. ಇದೆಲ್ಲ ನಮಗೂ ಅನ್ವಯಿಸುತ್ತದಾ?

ಕೇಂದ್ರದ ಭಾಗ ಅದೇ, ರಾಜ್ಯದ ದಾರಿ ಮಹಾರಾಷ್ಟ್ರದ್ದು. ಸೊಲ್ಲಾಪುರ 10 ಲಕ್ಷಕ್ಕಿಂತ ಕೆಳಗಿನ ನಗರ, ಹಾಗಾಗಿ ಅಮೃತ್‌ನಲ್ಲಿ ಕೇಂದ್ರದ ಪಾಲು ಮೂರನೇ ಒಂದು. ನಿಮಗೆ ನಮಗಿಲ್ಲದ ಅನುಕೂಲ ಇದೆ: ಹತ್ತಿರದಲ್ಲೇ ಎನ್‌ಟಿಪಿಸಿಯ ಉಷ್ಣ ಸ್ಥಾವರ. 2016ರ ವಿದ್ಯುತ್ ದರ ನೀತಿ ಪ್ರಕಾರ ಸಂಸ್ಕರಣಾ ಘಟಕದಿಂದ 50 ಕಿಲೋಮೀಟರ್ ಒಳಗಿರುವ ಉಷ್ಣ ಸ್ಥಾವರಗಳು ಆ ನೀರನ್ನು ಕಡ್ಡಾಯವಾಗಿ ಬಳಸಬೇಕು. ಅಕ್ಕಲಕೋಟೆ, ಜತ್ತದಂಥ ಚಿಕ್ಕ ಪೇಟೆಗಳಿಗೆ ಮೇಲೆ ಕಾಸರಗೋಡಿಗೆ ಹೇಳಿದ ಲೆಕ್ಕವೇ ಹೊಂದುತ್ತದೆ. ಆದರೆ ಅಲ್ಲಿ ಮಳೆ ಕಡಿಮೆ, ವರ್ಷಪೂರ್ತಿ ನೀರು ಕೇಳುವ ರೈತರಿದ್ದಾರೆ. ಆ ಮಟ್ಟಿಗೆ ನಿಮ್ಮ ಕೆಲಸ ಸುಲಭ.

ಅರ್ಜಿ ಕನ್ನಡದಲ್ಲಿ ಕೊಡಬಹುದಾ?

ನಾಗರಿಕರು ಕೊಡುವ ಮನವಿ, ಆಕ್ಷೇಪ, ವಾರ್ಡ್ ಸಭೆಯ ಪ್ರಶ್ನೆ ಕನ್ನಡದಲ್ಲಿ ಕೊಡಬಹುದು. ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಅದಕ್ಕೆ ಅವಕಾಶ ಇದೆ. ಡಿಪಿಆರ್ ಹೇಗೂ ಇಂಗ್ಲಿಷಿನಲ್ಲಿರುತ್ತದೆ. ಘಟಕ ಎಲ್ಲಿ, ಯಾರ ನೀರು, ಎಲ್ಲಿಗೆ ಹೋಗುತ್ತದೆ, ವಾಸನೆ ಬಂದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟನ್ನು ಎರಡು ಪುಟದಲ್ಲಿ ಕನ್ನಡ ಮತ್ತು ಮಲಯಾಳದಲ್ಲಿ ಅಚ್ಚು ಹಾಕಿಸಿ ಹಂಚಲು ಕೌನ್ಸಿಲನ್ನು ಒತ್ತಾಯಿಸಿ.

ಪ್ರಸ್ತಾವನೆ ಕಳಿಸಿ ತಿಂಗಳುಗಳಾದವು, ಸುದ್ದಿಯೇ ಇಲ್ಲ. ಏನು ಮಾಡುವುದು?

ಮೊದಲು ಫೈಲು ಯಾವ ಮೇಜಿನ ಮೇಲಿದೆ ಅಂತ ಪತ್ತೆ ಮಾಡಿ. ಹೆಚ್ಚಾಗಿ ಅದು ತಿರುವನಂತಪುರಕ್ಕೆ ಹೋಗಿರುವುದೇ ಇಲ್ಲ, ಒಂದು ಆಕ್ಷೇಪಕ್ಕೆ ಉತ್ತರ ಬರೆಯದೆ ಇಲ್ಲೇ ಬಾಕಿ ಇರುತ್ತದೆ. ನಗರಸಭೆಯ ಎಂಜಿನಿಯರಿಂಗ್ ವಿಭಾಗದಲ್ಲಿ ಕೇಳಿ, ಆಮೇಲೆ ಶುಚಿತ್ವ ಮಿಷನ್‌ನ ಜಿಲ್ಲಾ ಕಚೇರಿಯಲ್ಲಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಹೇಳಲೇಬೇಕು. "ಯೋಜನೆ ಏನಾಯಿತು" ಅಂತ ಕೇಳಿದರೆ "ಪರಿಶೀಲನೆಯಲ್ಲಿದೆ" ಅಂತ ಬರುತ್ತದೆ. ಫೈಲಿನ ನಂಬರ್, ಕೊನೆಯ ಟಿಪ್ಪಣಿಯ ದಿನಾಂಕ, ಬಾಕಿ ಇರುವ ಆಕ್ಷೇಪದ ಪ್ರತಿ, ಈ ಮೂರನ್ನೇ ಕೇಳಿ.